ಶಾರ್ಜಾ ಅಂದ್ರೆ ಶಕ್ತಿನಗರ ಅಲ್ಲ

ಅಕ್ಕ ಜನವರಿಯಲ್ಲಿ ದುಬೈಗೆ ಹೊರಟಿದ್ದಾಳೆ. ಮಗ ಅಲ್ಲೇ ಇದ್ದಾನೆ, ಎಸಿ ಮೆಕ್ಯಾನಿಕ್, ನಾಲ್ಕು ವರ್ಷ ಆಯ್ತು. ವೀಸಾ, ಟಿಕೆಟ್ ಎಲ್ಲಾ ಅವನೇ ಮಾಡಿಸಿದ. ಉಳಿಯೋ ಜಾಗ ನೋಡೋ ಕೆಲಸ ಮಾತ್ರ ನನ್ನ ಕೊರಳಿಗೆ ಬಿತ್ತು. ನಮ್ಮ ಮನೆಯಲ್ಲಿ ಆ ಊರಿಗೆ ಎರಡು ಸಲ ಹೋಗಿ ಬಂದವನು ನಾನೊಬ್ಬನೇ, ಅದರಲ್ಲಿ ಒಂದು ಸಲ ಚೆನ್ನಾಗಿ ಟೋಪಿ ಹಾಕಿಸಿಕೊಂಡು ಬಂದವನೂ ನಾನೇ.

"ಮಗನ ರೂಮ್ ಇರುವಾಗ ನಂಗ ಲಾಡ್ಜ್ ಯಾಕ ಬೇಕೋ?" ಅಂತಾಳೆ ಅಕ್ಕ. ಆ ಕತೆ ಆಮೇಲೆ ಹೇಳ್ತೀನಿ. ಲಾಡ್ಜ್ ಅಂತಾನೇ ಬರೀತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ರಾಯಚೂರಲ್ಲಿ ಹೋಟೆಲ್ ಅಂದ್ರೆ ಇಡ್ಲಿ-ವಡೆ ಸಿಗೋ ಜಾಗ.

ಮೊದಲನೇ ಸಲ ಹೋಗಿದ್ದು 2018ರ ಜೂನ್‌ನಲ್ಲಿ. ನಾನು, ಗಂಜ್‌ನಲ್ಲಿ ಹತ್ತಿ ದಲಾಲಿ ಅಂಗಡಿ ಇಟ್ಟಿರೋ ನನ್ನ ಗೆಳೆಯ, ಇಬ್ಬರೇ. ಒಬ್ಬ ಏಜೆಂಟ್ ಕಡೆ ಪ್ಯಾಕೇಜ್ ಮಾಡಿಸಿದ್ವಿ. ಕಾಗದದ ಮೇಲೆ ದೊಡ್ಡದಾಗಿ ದುಬೈ ಅಂತ ಇತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ ಲಾಡ್ಜಿನ ವಿಳಾಸ ಶಾರ್ಜಾ. ಕೇಳಿದ್ದಕ್ಕೆ "ಬಾಜೂನೇ ಸರ್, ಹದಿನೈದು-ಇಪ್ಪತ್ತು ಕಿಲೋಮೀಟರ್" ಅಂದ. ನನ್ನ ತಲೆಯಲ್ಲಿ ತಕ್ಷಣ ಬಂದಿದ್ದು ನಮ್ಮ ರಾಯಚೂರು ಪಕ್ಕದ ಶಕ್ತಿನಗರ. ಬೆಳಿಗ್ಗೆ ಬಸ್ ಹತ್ತಿದರೆ ಟೀ ಕುಡಿಯೋ ಹೊತ್ತಿಗೆ ಅಲ್ಲಿರ್ತೀವಿ, ಅಷ್ಟೇ ತಾನೆ ಅಂದ್ಕೊಂಡೆ.

ಅಷ್ಟೇ ಅಲ್ಲ. ದುಬೈನಲ್ಲಿ ಕೆಲಸ ಮಾಡೋ ಎಷ್ಟೋ ಜನ ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲಿ ಮನೆ ಮಾಡಿರ್ತಾರೆ. ಬೆಳಿಗ್ಗೆ ಅವರೆಲ್ಲಾ ದುಬೈ ಕಡೆ, ಸಂಜೆ ಎಲ್ಲಾ ಶಾರ್ಜಾ ಕಡೆ. ಊರು ನೋಡೋಕೆ ಬಂದ ನಾವೂ ಅದೇ ಹೊತ್ತಿಗೆ ಅದೇ ದಿಕ್ಕಿಗೆ! ಶಾರ್ಜಾದಲ್ಲಿ ಮೆಟ್ರೋ ಇಲ್ಲ. ಬಸ್ಸಿದೆ, ಚೆನ್ನಾಗೇ ಇದೆ, ಆದ್ರೆ ಅದೂ ಅದೇ ರಸ್ತೆಯಲ್ಲಿ ನಿಲ್ಲಬೇಕಲ್ವಾ. ಒಂದು ಸಂಜೆ ಬುರ್ಜ್ ಖಲೀಫಾ ನೋಡಿ ವಾಪಸ್ ಬರೋಕೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಟ್ಯಾಕ್ಸಿ ಹಿಡಿದ್ರೆ ಇನ್ನೊಂದು. ದುಬೈ ಟ್ಯಾಕ್ಸಿ ಶಾರ್ಜಾ ಗಡಿ ದಾಟಿದ್ರೆ ಮೀಟರ್ ಮೇಲೆ 20 ದಿರ್ಹಮ್ ಜಾಸ್ತಿ. ಒಂದು ದಿರ್ಹಮ್ ಅಂದ್ರೆ ಹತ್ತಿರ ಹತ್ತಿರ 25 ರೂಪಾಯಿ ಅಂತ ಇಟ್ಕೊಳ್ಳಿ, ಗಡಿ ದಾಟಿದ ತಪ್ಪಿಗೇ ಐನೂರು ರೂಪಾಯಿ. ಗೆಳೆಯ ದಲಾಲಿ ಅಂಗಡಿಯವನು, ಲೆಕ್ಕ ಬಿಡಲ್ಲ. ಮೂರನೇ ದಿನ ರಾತ್ರಿ ಲಾಡ್ಜಿನ ಪ್ಯಾಡ್ ಮೇಲೆ ಬರೆದು ಕೂಡಿಸಿ ತೋರಿಸಿದ: ರೂಮಿನಲ್ಲಿ ಉಳಿಸಿದ್ದಕ್ಕಿಂತ ಟ್ಯಾಕ್ಸಿಗೆ ಸುರಿದಿದ್ದೇ ಹೆಚ್ಚು.

ಶಾರ್ಜಾ ಕೆಟ್ಟ ಊರು ಅಂತ ಹೇಳ್ತಿಲ್ಲ. ಶಾಂತವಾದ ಊರು, ಮದ್ಯ ಇಲ್ಲ, ಸಂಜೆ ನೀರಿನ ದಂಡೆಯಲ್ಲಿ ಸಂಸಾರಸ್ಥರೇ ಓಡಾಡ್ತಿರ್ತಾರೆ, ಅಲ್ಲಿನ ಇಸ್ಲಾಮಿಕ್ ಮ್ಯೂಸಿಯಂ ನಿಜಕ್ಕೂ ನೋಡೋ ಹಾಗಿದೆ. ಶಾರ್ಜಾ ನೋಡೋಕೆ ಶಾರ್ಜಾದಲ್ಲಿ ಉಳ್ಕೊಳ್ಳಿ. ದುಬೈ ನೋಡೋಕೆ ಬೇಡ.

ಕೊನೆಯ ಎರಡು ರಾತ್ರಿಗೆ ಜಗಳ ಮಾಡಿ ದುಬೈನ ಹಳೇ ಪೇಟೆ ದೇರಾಕ್ಕೆ ಬದಲಾಯಿಸಿಕೊಂಡ್ವಿ. ದೇರಾ ನಂಗೆ ಕಂಡ ಕೂಡಲೇ ಹಿಡಿಸಿತು. ನಮ್ಮ ತೀನ್ ಕಂದೀಲ್ ಕಡೆಯ ಗಲ್ಲಿಗಳಿಗೆ ಯಾರೋ ಎಸಿ, ನಿಯಾನ್ ಲೈಟು ಹಾಕಿದಂಗೆ. ಕೈಗಾಡಿ ತಳ್ಕೊಂಡು ಹೋಗೋರು, ಅಂಗಡಿ ಮುಂದೆ ಮೂಟೆಯಲ್ಲಿ ಒಣ ನಿಂಬೆಕಾಯಿ, ಕೇಸರಿ, ಪಕ್ಕದ ಗಲ್ಲಿಗೆ ತಿರುಗಿದ್ರೆ ಬಂಗಾರದ ಬಜಾರ್. ಆದ್ರೆ ಅಲ್ಲೂ ಒಂದು ಎಡವಟ್ಟು ಆಯ್ತು. ನಮ್ಮ ರೂಮು ಎರಡನೇ ಮಹಡಿ, ಸರಿಯಾಗಿ ಅದರ ಕೆಳಗೆ ಆರ್ಕೆಸ್ಟ್ರಾ ಇರೋ ಕ್ಲಬ್. ರಾತ್ರಿ ಎರಡೂವರೆ ಆದ್ರೂ ಮಂಚದ ಕಾಲಲ್ಲಿ ಡ್ರಮ್ ಬಾರಿಸಿದಂಗಾಗ್ತಿತ್ತು, ಟೇಬಲ್ ಮೇಲಿನ ನೀರಿನ ಲೋಟದಲ್ಲಿ ಸಣ್ಣ ಸಣ್ಣ ಅಲೆ. ಕೆಳಗೆ ಹೋಗಿ ಹೇಳಿದ್ರೆ ಕೌಂಟರಿನ ಹುಡುಗ ನಗುತ್ತಾ ಹತ್ತಿ ಉಂಡೆ ಕೊಟ್ಟ. ಕಿವಿಗೆ! ರಾಯಚೂರು ಹತ್ತಿ ವ್ಯಾಪಾರಿಗೆ ಹತ್ತಿ ಕೊಟ್ಟ ಅಂತ ಗೆಳೆಯ ಇವತ್ತಿಗೂ ಅದನ್ನ ಹೇಳಿ ನಗ್ತಾನೆ. ದೇರಾ, ಬರ್ ದುಬೈ ಎರಡರಲ್ಲೂ ಎರಡು-ಮೂರು ಸ್ಟಾರಿನ ಲಾಡ್ಜುಗಳಲ್ಲಿ ಈ ಥರ ಕ್ಲಬ್ ಇರೋದು ಮಾಮೂಲು. ಬುಕ್ ಮಾಡೋ ಮುಂಚೆ ಹೋಗಿ ಬಂದವರು ಬರೆದಿರೋದರಲ್ಲಿ ಗಲಾಟೆ, ಕ್ಲಬ್ ಅನ್ನೋ ಮಾತು ಇದೆಯಾ ಅಂತ ಹುಡುಕಿ. ಫೋಟೋ ನೋಡಬೇಡಿ. ಫೋಟೋದಲ್ಲಿ ಎಲ್ಲಾ ಹಾಸಿಗೆಯೂ ಬಿಳೀನೇ.

ಈಗ ಊರಿನ ಆಕಾರ ಹೇಳ್ತೀನಿ, ಇದು ಗೊತ್ತಾದ್ರೆ ಅರ್ಧ ಕೆಲಸ ಮುಗೀತು. ದುಬೈ ನಮ್ಮೂರಿನ ಥರ ಗುಂಡಗೆ ಬೆಳೆದ ಊರಲ್ಲ. ಸಮುದ್ರದ ಉದ್ದಕ್ಕೂ ಪಟ್ಟಿ ಹಾಸಿದಂಗೆ ಇದೆ. ಒಂದು ತುದಿಯಲ್ಲಿ ಏರ್‌ಪೋರ್ಟ್, ಅದರ ಪಕ್ಕ ದೇರಾ. ಆಮೇಲೆ ಕ್ರೀಕ್, ಅಂದ್ರೆ ಊರೊಳಗೆ ನುಗ್ಗಿರೋ ಸಮುದ್ರದ ಸೀಳು. ಅದನ್ನ ದಾಟಿದ್ರೆ ಬರ್ ದುಬೈ, ಪಕ್ಕದಲ್ಲಿ ಕರಾಮ. ಅಲ್ಲಿಂದ ಶೇಖ್ ಜಾಯೆದ್ ರೋಡ್ ಹಿಡಿದು ಹೋದ್ರೆ ಬುರ್ಜ್ ಖಲೀಫಾ, ಇನ್ನೂ ದೂರ ಹೋದ್ರೆ ಮರೀನಾ. 2009ರಲ್ಲಿ ಶುರುವಾದ ಮೆಟ್ರೋದ ರೆಡ್ ಲೈನ್ ಈ ಪಟ್ಟಿಯ ಉದ್ದಕ್ಕೂ ಓಡುತ್ತೆ, 2011ರ ಗ್ರೀನ್ ಲೈನ್ ಹಳೇ ಊರಿನ ಒಳಗೇ ಸುತ್ತುತ್ತೆ. ಎರಡೂ ಸೇರೋದು ಎರಡೇ ಕಡೆ: ದೇರಾದ ಯೂನಿಯನ್, ಬರ್ ದುಬೈನ ಬುರ್ಜುಮಾನ್. ಈ ಎರಡರ ಆಸುಪಾಸಲ್ಲಿ ರೂಮ್ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಕಿವಿ ಮಾತ್ರ ತೆರೆದಿರಲಿ, ಕ್ಲಬ್ ವಿಷಯ ಹೇಳಿದೆನಲ್ಲ.

ಮೆಟ್ರೋಗೆ ಹತ್ತಿರ ಅಂತ ಎಲ್ಲಾ ಲಾಡ್ಜಿನವರೂ ಬರ್ಕೊಂಡಿರ್ತಾರೆ. ಎಷ್ಟು ಹತ್ತಿರ ಅನ್ನೋದೇ ಪ್ರಶ್ನೆ. ಮ್ಯಾಪು ಒಂಬತ್ತು ನಿಮಿಷ ಅಂತು, ನಾವೂ ನಡೆದ್ವಿ, ಜೂನ್ ತಿಂಗಳು, ಸಂಜೆ ಏಳು ಗಂಟೆ. ರಾಯಚೂರಿನವರಿಗೆ ಬಿಸಿಲು ಹೊಸದೇನ್ರಿ, 43 ಡಿಗ್ರಿಯಲ್ಲಿ ಮದುವೆ ಊಟ ಬಡಿಸಿದವರು ನಾವು. ಆದ್ರೆ ನಮ್ಮ ಬಿಸಿಲು ಒಣ ಬಿಸಿಲು, ನೆರಳಿಗೆ ಬಂದ್ರೆ ಮುಗೀತು. ಅಲ್ಲಿ ಹೊತ್ತು ಮುಳುಗಿದ ಮೇಲೂ ಗಾಳಿಯಲ್ಲಿ ನೀರು ತುಂಬಿರುತ್ತೆ. ಎಸಿ ಸ್ಟೇಷನ್‌ನಿಂದ ಹೊರಗೆ ಕಾಲಿಟ್ಟ ಕೂಡಲೇ ನನ್ನ ಕನ್ನಡಕ ಪೂರ್ತಿ ಮಂಜಾಯ್ತು, ಏನೂ ಕಾಣ್ತಿಲ್ಲ, ಒರೆಸೋಕೆ ಅಂಗಿ ಹಿಡಿದ್ರೆ ಅಂಗಿಯೂ ಒದ್ದೆ. ಒಂಬತ್ತು ನಿಮಿಷದಲ್ಲಿ ಎರಡು ಸಲ ಅಂಗಡಿ ಹೊಕ್ಕು ಸುಮ್ನೆ ನೀರಿನ ಬಾಟಲ್ ಬೆಲೆ ಕೇಳಿದ್ವಿ, ಎಸಿ ಗಾಳಿಗೆ. ನವೆಂಬರಿಂದ ಮಾರ್ಚ್ ತನಕ ಈ ತೊಂದರೆ ಇಲ್ಲ, ಆರಾಮಾಗಿ ನಡೀಬಹುದು, ಅದಕ್ಕೇ ರೂಮಿನ ಬಾಡಿಗೆಯೂ ಆಗ ಜಾಸ್ತಿ. ಇನ್ನೊಂದು: ಸ್ಟೇಷನ್ ಹೆಸರುಗಳನ್ನ ಕಂಪನಿಗಳಿಗೆ ಕೊಡ್ತಾ ಇರ್ತಾರೆ. ಕರಾಮ ಸ್ಟೇಷನ್ ಈಗ ಎಡಿಸಿಬಿ, ಅಲ್ ಫಹೀದಿ ಈಗ ಶರಫ್ ಡಿಜಿ. ಹಳೇ ಹೆಸರು ಹಿಡ್ಕೊಂಡು ಬೋರ್ಡ್ ಹುಡುಕಿದ್ರೆ ಸಿಗಲ್ಲ.

ಮರೀನಾ ಬಗ್ಗೆ ಕೇಳ್ತೀರಿ, ಗೊತ್ತು. ಹೊಸದಾಗಿ ಮದುವೆ ಆದವರು, ಸಮುದ್ರದ ದಂಡೆಯಲ್ಲೇ ಇರಬೇಕು ಅನ್ನೋರು ಹೋಗಿ. ಬೀಚ್ ಇದೆ, ಟ್ರಾಮ್ ಇದೆ, ರಾತ್ರಿ ಬೆಳಕು ಚೆಂದ. ಆದ್ರೆ ಹಳೇ ಊರಿಗೆ ಮೆಟ್ರೋದಲ್ಲಿ ಸುಮಾರು ಒಂದು ಗಂಟೆ, ಒಂದು ಟೀಗೆ ಕೊಡೋ ದುಡ್ಡಲ್ಲಿ ಕರಾಮದಲ್ಲಿ ಊಟ ಆಗುತ್ತೆ.

ಎರಡನೇ ಸಲ ಅವ್ವನನ್ನ ಕರ್ಕೊಂಡು ಹೋದೆ, ಡಿಸೆಂಬರಲ್ಲಿ. ಅಷ್ಟೊತ್ತಿಗೆ ಅಳಿಯ, ಅಂದ್ರೆ ಅಕ್ಕನ ಮಗ, ಅಲ್ಲಿ ಕೆಲಸಕ್ಕೆ ಸೇರಿದ್ದ. ಫೋನಲ್ಲಿ ಅವನು ಹೇಳಿದ್ದು ಎರಡೇ ಮಾತು. ಒಂದು, "ಮಾಮಾ, ಅಡಿಗಿ ಮನಿ ಇರೋದು ತಗೋ, ಹೋಟೆಲ್ ಅಪಾರ್ಟ್‌ಮೆಂಟ್ ಅಂತಾರ." ಇನ್ನೊಂದು, "ಅಜ್ಜಿ ಬ್ಯಾಗ್ ನೀನೇ ಬಿಚ್ಚಿ ನೋಡು, ಗಸಗಸೆ ಒಂದು ಕಾಳೂ ಇರಬಾರದು." ಇದು ತಮಾಷೆ ಅಲ್ಲ. ಆ ದೇಶದಲ್ಲಿ ಗಸಗಸೆ ನಿಷೇಧ, ಮಾದಕ ವಸ್ತುವಿನ ಲೆಕ್ಕ, ಸಿಕ್ಕರೆ ಜೈಲು. ಅವ್ವನ ಮಸಾಲೆ ಡಬ್ಬಿ ಪೂರ್ತಿ ಪೇಪರ್ ಮೇಲೆ ಸುರಿದು ನೋಡಿದೆ. ಅವ್ವ ಬೈದಳು. ಆಮೇಲೆ ಶೇಂಗಾ ಹಿಂಡಿ, ಕಡಕ್ ರೊಟ್ಟಿ ಮಾತ್ರ ಕಟ್ಟಿಕೊಂಡ್ವಿ.

ಬರ್ ದುಬೈನಲ್ಲಿ, ಮೀನಾ ಬಜಾರ್ ಹತ್ತಿರ ರೂಮ್ ಹಿಡಿದಿದ್ದೆ. ಹೈದರಾಬಾದಿಂದ ಹೋದ ವಿಮಾನ ಇಳಿದಿದ್ದು ನಡುರಾತ್ರಿ ದಾಟಿದ ಮೇಲೆ, ಮೆಟ್ರೋ ಆಗ ಇರಲ್ಲ, ಬೆಳಿಗ್ಗೆ ಐದಕ್ಕೆ ಶುರು, ಭಾನುವಾರ ಎಂಟಕ್ಕೆ. ಏರ್‌ಪೋರ್ಟಿಂದ ಹತ್ತೋ ಟ್ಯಾಕ್ಸಿಯ ಮೀಟರ್ 25 ದಿರ್ಹಮ್‌ನಿಂದಲೇ ಓಡೋಕೆ ಶುರುವಾಗುತ್ತೆ, ಹಾಗಾಗಿ ಹತ್ತಿರದ ಏರಿಯಾ ಹಿಡಿದಿದ್ದು ಮೊದಲ ರಾತ್ರಿಯೇ ಉಪಯೋಗಕ್ಕೆ ಬಂತು. ಕೌಂಟರಿನಲ್ಲಿ ಟೂರಿಸಂ ದಿರ್ಹಮ್ ಅಂತ ಬೇರೆ ಕೇಳಿದ್ರು, ರೂಮಿಗೆ ಒಂದು ರಾತ್ರಿಗೆ 7ರಿಂದ 20 ದಿರ್ಹಮ್ ತನಕ, ಲಾಡ್ಜಿನ ದರ್ಜೆ ಮೇಲೆ. ಆ್ಯಪ್‌ನಲ್ಲಿ ಕಂಡ ರೇಟಲ್ಲಿ ಇದು ಸೇರಿರಲ್ಲ ಸಾಮಾನ್ಯವಾಗಿ, ಡೆಪಾಸಿಟ್ ಬೇರೆ ಹಿಡಿದಿಟ್ಕೋತಾರೆ.

ಆ ಐದು ದಿನ ಅವ್ವನಿಗೆ ಬುರ್ಜ್ ಖಲೀಫಾ ಅಷ್ಟೇನೂ ಅನ್ನಿಸ್ಲಿಲ್ಲ. 828 ಮೀಟರ್ ಎತ್ತರ ಅವ್ವಾ ಅಂದ್ರೆ "ಕುತಿಗಿ ನೋಯತೈತಿ, ನಡಿ" ಅಂದಳು. ಮರುಳಾಗಿದ್ದು ಅಬ್ರಾಕ್ಕೆ. ಕ್ರೀಕ್ ದಾಟಿಸೋ ಮರದ ದೋಣಿ ಅದು, ಒಬ್ಬರಿಗೆ ಒಂದೇ ದಿರ್ಹಮ್. ನಡುವೆ ಉದ್ದ ಹಲಗೆ, ಬೆನ್ನಿಗೆ ಬೆನ್ನು ಕೊಟ್ಟು ನೀರಿನ ಕಡೆ ಮುಖ ಮಾಡಿ ಕೂರಬೇಕು, ಹಿಡ್ಕೊಳ್ಳೋಕೆ ಕಂಬಿ ಇಲ್ಲ. ದೋಣಿಯವನು ನಡುವಿನ ಗುಂಡಿಯಲ್ಲಿ ನಿಂತು ಓಡಿಸ್ತಾನೆ. ಅವ್ವ ನನ್ನ ಮುಂಗೈ ಗಟ್ಟಿಯಾಗಿ ಹಿಡ್ಕೊಂಡಳು, ಅರ್ಧ ದಾರಿಗೆ ಬಿಟ್ಟಳು. "ಕುರವಪುರಕ್ಕ ತೆಪ್ಪದಾಗ ಹೋದಂಗ ಐತಿ ನೋಡು" ಅಂದಳು. ಕೃಷ್ಣೆಯಲ್ಲಿ ತೆಪ್ಪ ಹತ್ತಿ ದತ್ತಪ್ಪನ ದರ್ಶನಕ್ಕೆ ಹೋಗಿದ್ದು ನಾನು ಮೂರನೇ ಕ್ಲಾಸಲ್ಲಿದ್ದಾಗ. ಅವತ್ತಿಂದ ದಿನಾ ಸಂಜೆ ಅಬ್ರಾ. ಎರಡು ದಿರ್ಹಮ್‌ನಲ್ಲಿ ಹೋಗಿ ಬರೋದು, ದಂಡೆಯಲ್ಲಿ ಕೂತು ಚಾ ಕುಡಿಯೋದು, ಗುಡಿ ಗಲ್ಲಿಯಲ್ಲಿ ಹೂವಿನ ಅಂಗಡಿ ನೋಡ್ಕೊಂಡು ರೂಮಿಗೆ ನಡೆದು ಬರೋದು. ಮರೀನಾದಲ್ಲಿ ಉಳಿದಿದ್ರೆ ಇದು ಒಂದು ಸಲ ಆಗ್ತಿತ್ತು, ಫೋಟೋಗೆ.

ಊಟಕ್ಕೆ ಒಂದೊಂದು ದಿನ ಕರಾಮಕ್ಕೆ ಹೋಗ್ತಿದ್ವಿ. ಉಡುಪಿ ಊಟ ಸುಲಭವಾಗಿ ಸಿಗುತ್ತೆ. ಒಂದು ಕಡೆ ಸಪ್ಲೈಯರ್ ಹುಡುಗ ಕುಂದಾಪುರದವನು. ಅವ್ವನ ಮಾತು ಕೇಳಿ ಮುಖ ಅರಳಿಸಿ ಕನ್ನಡದಲ್ಲೇ ಏನೋ ಕೇಳಿದ. ಅವ್ವ ನನ್ನ ಕಡೆ ತಿರುಗಿ, "ಏನ್ ಭಾಷೆಪಾ ಅದು?" ಅವನೂ ಅವ್ವನ ಮಾತು ಅರ್ಥ ಆಗದೆ ನನ್ನ ಮುಖ ನೋಡಿದ. ಇಬ್ಬರ ಕನ್ನಡಕ್ಕೂ ನಾನು ದುಭಾಷಿ! ಹೋಗೋವಾಗ ಅವ್ವ ಅವನ ಕೈಗೆ ಎರಡು ಕಡಕ್ ರೊಟ್ಟಿ ಕೊಟ್ಟಳು. ಹಪ್ಪಳವಾ ಅಂತ ಕೇಳಿದ.

ಈಗ ಅಕ್ಕನ ಪ್ರಶ್ನೆಗೆ ಬರ್ತೀನಿ. ಆ ಐದು ದಿನ ಅಳಿಯ ದಿನಾ ಡ್ಯೂಟಿ ಮುಗಿಸಿ ನಮ್ಮ ರೂಮಿಗೇ ಬರ್ತಿದ್ದ, ತನ್ನ ರೂಮಿಗೆ ಒಂದು ಸಲವೂ ಕರೀಲಿಲ್ಲ. ಕೊನೇ ದಿನ ಊರಿಗೆ ಕೊಡೋ ಸಾಮಾನು ತರೋಕೆ ಅಂತ ನಾನೇ ಬೆನ್ನು ಹತ್ತಿ ಹೋದೆ. ಕರಾಮದಲ್ಲೇ, ಹಳೇ ಬಿಲ್ಡಿಂಗು. ಬೆಡ್ ಸ್ಪೇಸ್ ಅಂತಾರೆ ಅಲ್ಲಿ, ರೂಮಲ್ಲ, ಮಂಚ ಬಾಡಿಗೆಗೆ. ಒಂದರ ಮೇಲೊಂದು ಮೂರು ಜೋಡಿ, ಆರು ಜನ. ಅವನದು ಕೆಳಗಿನದು, ಸುತ್ತ ಹಳೇ ಚಾದರ ಪರದೆ ಥರ ಕಟ್ಟಿದ್ದ. ಒಳಗೆ ಒಂದು ಬಲ್ಬು, ಚಾರ್ಜರು, ಮೊಳೆಗೆ ಸಿಕ್ಕಿಸಿದ ಅಂಬಾದೇವಿ ಫೋಟೋ. ಮೇಲಿನ ಮಂಚದವನು ರಾತ್ರಿ ಪಾಳಿ ಮುಗಿಸಿ ಮಲಗಿದ್ದ, ಅದಕ್ಕೆ ನಾವು ಪಿಸುಮಾತಲ್ಲೇ ಮಾತಾಡಿದ್ವಿ. ಹೊರಗೆ ಬಂದ ಮೇಲೆ ಅಂದ, "ಅವ್ವಗ ಹೇಳಬ್ಯಾಡ ಮಾಮಾ. ರೂಮ್ ದೊಡ್ಡದು ಅಂತ ಹೇಳೀನಿ."

ನಾನು ಅಕ್ಕನಿಗೆ ಹೇಳಿಲ್ಲ. ಅಲ್ಲಿ ಹೆಂಗಸರನ್ನ ಬಿಡಲ್ಲ, ಕಂಪನಿ ರೂಲ್ಸು ಅಂತ ಅಂದೆ ಅಷ್ಟೇ, ಅದು ಪೂರ್ತಿ ಸುಳ್ಳೂ ಅಲ್ಲ. ಕರಾಮದಲ್ಲೇ ಹೋಟೆಲ್ ಅಪಾರ್ಟ್‌ಮೆಂಟ್ ನೋಡಿದೀನಿ. ಎಡಿಸಿಬಿ ಸ್ಟೇಷನ್‌ಗೆ ಐದು ನಿಮಿಷ, ಅಳಿಯನ ಬಿಲ್ಡಿಂಗಿಗೆ ಎರಡು ಗಲ್ಲಿ, ಕೆಳಗೆ ಕ್ಲಬ್ ಇಲ್ಲ. ಬುರ್ಜ್ ಖಲೀಫಾ ಅಲ್ಲಿಂದ ಐದನೇ ಸ್ಟೇಷನ್, ಅಕ್ಕ ಹೋದ್ರೆ ಹೋಗ್ಲಿ. ಬರ್ ದುಬೈನಲ್ಲಿ ಇನ್ನೂ ಸ್ವಲ್ಪ ಅಗ್ಗಕ್ಕೆ ಸಿಗ್ತಿತ್ತು. ಆದ್ರೆ ಇವನು ರಾತ್ರಿ ಎಂಟಕ್ಕೆ ಡ್ಯೂಟಿ ಮುಗಿಸಿ, ಸ್ನಾನ ಮಾಡಿ, ಊಟಕ್ಕೆ ನಡೆದು ಬರಬೇಕಲ್ಲ.

ನಿನ್ನೆ ಫೋನಲ್ಲಿ ಅಕ್ಕ ಕೇಳಿದ್ದು ಒಂದೇ: ಒಲಿ ಐತೇನು? ಐತಿ, ಕರೆಂಟಿನದು. ಹಂಗಾದ್ರೆ ರೊಟ್ಟಿ ಉಬ್ಬಂಗಿಲ್ಲ ಬಿಡು ಅಂದಳು, ನಲವತ್ತು ಕಡಕ್ ರೊಟ್ಟಿ ಬಡಿಯೋಕೆ ಆಗಲೇ ಹಿಟ್ಟು ಬೀಸೋಕೆ ಕೊಟ್ಟಿದ್ದಾಳಂತೆ.