ಎಣಿಸಿದವರು ಯಾರು?

ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ನಮ್ಮ ಬಸವನಗುಡಿಯ ಶಾಲೆಯ ಮಕ್ಕಳನ್ನು ಕರೆದೊಯ್ಯುವ ಮುನ್ನಾದಿನ, ಮನುಷ್ಯನ ಮೆದುಳಿನಲ್ಲಿ 10,000 ಕೋಟಿ ನರಕೋಶಗಳಿವೆ ಎಂದು ಬೋರ್ಡಿನ ಮೇಲೆ ಬರೆದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಅಷ್ಟನ್ನೂ ಎಣಿಸಿದವರು ಯಾರು ಮಿಸ್?’ ಎಂದಳು. ಇಪ್ಪತ್ತು ವರ್ಷಗಳಿಂದ ಅದನ್ನೇ ಪಾಠ ಮಾಡುತ್ತ ಬಂದ ನನ್ನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ ಹುಡುಕುತ್ತ ಕುಳಿತಾಗ, ಬ್ರೆಜಿಲ್‌ನ ವಿಜ್ಞಾನಿ ಸುಜಾನಾ ಹರ್ಕುಲಾನೊ-ಹೌಜೆಲ್ ಇದೇ ಪ್ರಶ್ನೆಯ ಬೆನ್ನುಹತ್ತಿದ್ದರೆಂದು ತಿಳಿಯಿತು. ನರಕೋಶಗಳು ಮೆದುಳಿನ ಒಂದು ಕಡೆ ಒತ್ತೊತ್ತಾಗಿಯೂ ಇನ್ನೊಂದು ಕಡೆ ವಿರಳವಾಗಿಯೂ ಇರುವುದರಿಂದ, ತೆಳುವಾದ ಬಿಲ್ಲೆಗಳಲ್ಲಿ ಎಣಿಸಿ ಇಡೀ ಮೆದುಳಿಗೆ ಗುಣಿಸುವ ಲೆಕ್ಕ ಸುಲಭವಾಗಿ ತಪ್ಪುತ್ತದೆ. ಆಕೆ ಮತ್ತು ರೊಬರ್ಟೊ ಲೆಂಟ್ 2005ರಲ್ಲಿ ಪ್ರಕಟಿಸಿದ ವಿಧಾನ ಅಡುಗೆಮನೆಯದೆಂದೇ ತೋರುತ್ತದೆ: ರಾಸಾಯನಿಕದಲ್ಲಿ ಗಟ್ಟಿಯಾಗಿಸಿದ ಮೆದುಳನ್ನು ಮಾರ್ಜಕದೊಡನೆ ಗಾಜಿನ ನಳಿಗೆಯಲ್ಲಿ ಅರೆದು, ಕೋಶದ ಪೊರೆಗಳೆಲ್ಲ ಕರಗಿ ಕೋಶಕೇಂದ್ರಗಳಷ್ಟೇ ತೇಲುವ ಸಾರಿನಂತಹ ದ್ರವ ಮಾಡಿ, ಅದನ್ನು ಚೆನ್ನಾಗಿ ಕಲಕಿ, ಕೆಲವು ಹನಿಗಳನ್ನು ಸೂಕ್ಷ್ಮದರ್ಶಕದಡಿ ಎಣಿಸುವುದು. ಒಂದು ಕೋಶಕ್ಕೆ ಒಂದೇ ಕೇಂದ್ರವಾದ್ದರಿಂದ ಲೆಕ್ಕ ತಾಳೆಯಾಗುತ್ತದೆ. ಬೆಲೆಬಾಳುವ ಮೆದುಳನ್ನು ಅರೆಯುವ ಧೈರ್ಯವೇ ದೊಡ್ಡದು ಎಂದು ನನಗನ್ನಿಸಿತು.

2009ರಲ್ಲಿ ಪ್ರಕಟವಾದ ಎಣಿಕೆಯಲ್ಲಿ ಸಿಕ್ಕಿದ್ದು ಸುಮಾರು 8,600 ಕೋಟಿ ನರಕೋಶಗಳು. ನರಕೋಶಗಳ ಹತ್ತು ಪಟ್ಟು ಇವೆಯೆಂದು ಪಠ್ಯಗಳು ಹೇಳುತ್ತಿದ್ದ, ನರಕೋಶಗಳಿಗೆ ಆಸರೆಯಾಗುವ ಗ್ಲಿಯಾ ಕೋಶಗಳೂ ಹೆಚ್ಚುಕಡಿಮೆ ಅಷ್ಟೇ ಇದ್ದವು. ಹಳೆಯ ಅಂಕಿಯನ್ನು ನಂಬಲೇಬೇಕೆಂದು ಯಾರೂ ಯಾರನ್ನೂ ಒತ್ತಾಯಿಸಿರಲಿಲ್ಲ. ಓದಿದವರು ಮೇಷ್ಟರಾದರು, ಮೇಷ್ಟರು ಪಠ್ಯ ಬರೆದರು, ಆ ಪಠ್ಯವನ್ನೇ ನಾನೂ ಬೋರ್ಡಿಗೆ ಇಳಿಸಿದೆ. ಗತಾನುಗತಿಕತೆ ಪ್ರಯೋಗಾಲಯವನ್ನು ಹೊಗುವುದು ಹೀಗೆ, ಯಾವ ಜಗಳವೂ ಇಲ್ಲದೆ.

ಮರುದಿನ ಸಂಗ್ರಹಾಲಯದಲ್ಲಿ ಮೆದುಳನ್ನು ಕೈಯಲ್ಲಿ ಹಿಡಿದ ಆ ಹುಡುಗಿಗೆ, ಹಿಂಭಾಗದ ಪುಟ್ಟ ಅನುಮಸ್ತಿಷ್ಕವನ್ನು ತೋರಿಸಿ, ಮೆದುಳಿನ ತೂಕದ ಹತ್ತರಲ್ಲೊಂದು ಪಾಲಿನಷ್ಟೇ ಇರುವ ಇದರಲ್ಲೇ ಸುಮಾರು 6,900 ಕೋಟಿ ನರಕೋಶಗಳಿವೆ ಎಂದೆ. ಅವಳು ಅದನ್ನು ಹೊರಳಿಸಿ ನೋಡಿದಳು.

‘ಎಷ್ಟು ಜನರ ಮೆದುಳು ಎಣಿಸಿದರು ಮಿಸ್?’

‘ನಾಲ್ವರದು. ನಾಲ್ವರೂ ಗಂಡಸರು.’

‘ಅಷ್ಟೇನಾ?’ ಎಂದವಳೇ ನೋಟ್‌ಬುಕ್ ತೆರೆದು, 8,600 ಕೋಟಿಯ ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡಳು.