ಜೋಮು ಹಿಡಿದ ಪಾದಕ್ಕೆ ಎಂಟು ಸೆನ್ಸರ್‌ಗಳು

ಮೂರು ವರ್ಷಗಳ ಹಿಂದೆ ಅಮ್ಮ ತುಮಕೂರಿನ ಮಾರುಕಟ್ಟೆಗೆ ಹೋಗಿ ಬಂದು ಚಪ್ಪಲಿ ಬಿಚ್ಚಿದಾಗ ಬಲಗಾಲಿನ ಹೆಬ್ಬೆರಳ ಬುಡಕ್ಕೆ ಒಂದು ಹುಣಸೆ ಬೀಜ ಅಂಟಿಕೊಂಡಿತ್ತು. ಅದು ಬೆಳಗಿನಿಂದಲೂ ಅಲ್ಲಿಯೇ ಇತ್ತೆಂಬುದು ಚಪ್ಪಲಿಯಲ್ಲಿ ಮೂಡಿದ ಗುಳಿಯನ್ನೂ ಪಾದದ ಕೆಂಪು ಗುರುತನ್ನೂ ನೋಡಿದ ನಮಗೆ ತಿಳಿಯಿತೇ ಹೊರತು, ಅಷ್ಟು ದೂರ ಅದನ್ನು ತುಳಿದುಕೊಂಡೇ ನಡೆದು ಬಂದ ಅಮ್ಮನಿಗೆ ತಿಳಿದಿರಲಿಲ್ಲ. ಆ ಗುರುತು ಗುಳ್ಳೆಯಾಯಿತು, ಗುಳ್ಳೆ ಒಡೆದು ಹುಣ್ಣಾಯಿತು, ಹುಣ್ಣು ಒಣಗಲು ನಾಲ್ಕು ತಿಂಗಳು ಹಿಡಿಯಿತು. ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಆಗಲೇ 22 ವರ್ಷವಾಗಿತ್ತು; ಅದು ಪಾದದ ನರಗಳನ್ನು ಕೆಡಿಸಿ ಸ್ಪರ್ಶವನ್ನು ಕುಂದಿಸಿತ್ತು. ಪಾದದ ವೈದ್ಯರು ಅವಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, 10 ಗ್ರಾಂ ಬಲಕ್ಕೆ ಸರಿಯಾಗಿ ಬಾಗುವ ಒಂದು ನೈಲಾನ್ ಎಳೆಯನ್ನು ಅಂಗಾಲಿನ ಬೇರೆ ಬೇರೆ ಕಡೆ ಒತ್ತುತ್ತಾ, ಮುಟ್ಟಿದ್ದು ಗೊತ್ತಾದರೆ ಹೇಳಿ ಎಂದರು. ಅಮ್ಮ ವಿಧೇಯ ವಿದ್ಯಾರ್ಥಿನಿಯಂತೆ ಆಗಾಗ "ಹ್ಞೂಂ" ಎನ್ನುತ್ತಿದ್ದಳು; ಎಳೆ ತಾಗದೇ ಇದ್ದಾಗಲೂ ಎನ್ನುತ್ತಿದ್ದಳು.

ವೃತ್ತಿಯಿಂದ ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಒತ್ತಡ ಅಳೆಯುವ ಸೆನ್ಸರ್‌ಗಳು ನನ್ನ ಮೇಜಿನ ಮೇಲೆ ಸದಾ ಬಿದ್ದಿರುತ್ತವೆ. ಪಾದಕ್ಕೆ ತಿಳಿಯದ್ದನ್ನು ಪಾದದ ಕೆಳಗಿನ ಅಟ್ಟೆಗೆ ತಿಳಿಯುವಂತೆ ಮಾಡಿದರಾಯಿತು ಎಂಬ ಯೋಚನೆ ಆಸ್ಪತ್ರೆಯ ಮೆಟ್ಟಿಲಿಳಿಯುವ ಮೊದಲೇ ನನ್ನ ತಲೆಯಲ್ಲಿತ್ತು. ಅದು ಅಷ್ಟು ಸರಳವಾಗಿರಲಿಲ್ಲ.

ಮೊದಲು ಅಳತೆಯ ವಿಷಯ. ಅಂಗಾಲಿನ ಒತ್ತಡವನ್ನು ಕಿಲೋಪಾಸ್ಕಲ್‌ಗಳಲ್ಲಿ ಹೇಳುತ್ತಾರೆ. ಒಮ್ಮೆ ಹುಣ್ಣಾಗಿ ವಾಸಿಯಾದ ಪಾದಕ್ಕೆ ಪಾದರಕ್ಷೆಯೊಳಗಿನ ಗರಿಷ್ಠ ಒತ್ತಡ 200 ಕಿಲೋಪಾಸ್ಕಲ್ ಮೀರಬಾರದು ಎಂಬುದು ಈ ಕ್ಷೇತ್ರದಲ್ಲಿ ಚಾಲ್ತಿಯಲ್ಲಿರುವ ಗುರಿ. ಅಂದರೆ ಒಂದು ಚದರ ಸೆಂಟಿಮೀಟರ್ ಚರ್ಮದ ಮೇಲೆ ಸುಮಾರು 2 ಕಿಲೋ ಭಾರ. ಹಾಗಾಗಿ ನನ್ನ ಮಾಪನದ ಉಪಕರಣ ಅತ್ಯಂತ ಸರಳವಾಯಿತು: ಪರಿಚಯದ ಕಿರಾಣಿ ಅಂಗಡಿಯವರಿಂದ 2 ಕಿಲೋ ತೂಕದ ಬಟ್ಟನ್ನು ಎರವಲು ತಂದು, ಒಂದು ಸೆಂಟಿಮೀಟರ್ ಉದ್ದಗಲದ ರಬ್ಬರ್ ತುಂಡಿನ ಮೇಲೆ ನಿಲ್ಲಿಸಿ, ಸೆನ್ಸರ್ ಏನು ಹೇಳುತ್ತದೆಂದು ಬರೆದುಕೊಂಡೆ. ನಾನು ಬಳಸಿದ್ದು ನಾಣ್ಯದಷ್ಟು ಅಗಲದ ತೆಳು ಹಾಳೆಯಂಥ ಸೆನ್ಸರ್. ಒತ್ತಿದಷ್ಟೂ ಅದರ ವಿದ್ಯುತ್ ರೋಧ ಇಳಿಯುತ್ತದೆ. ಅಗ್ಗ, ಆದರೆ ಚಂಚಲ. ಅದೇ ಭಾರವನ್ನು ಹತ್ತು ನಿಮಿಷ ಹಾಗೇ ಬಿಟ್ಟರೆ ಓದುವಿಕೆ ನಿಧಾನವಾಗಿ ಸರಿಯುತ್ತದೆ. ಭಾರ ಏರಿಸುವಾಗ ಹೇಳುವ ಲೆಕ್ಕವನ್ನು ಇಳಿಸುವಾಗ ಹೇಳುವುದಿಲ್ಲ. ಸಂಶೋಧನಾಲಯಗಳಲ್ಲಿ ಬಳಸುವ, ಮ್ಯೂನಿಕ್‌ನ ನೋವೆಲ್ ಸಂಸ್ಥೆಯ ಪೆಡಾರ್ ಇನ್‌ಸೋಲ್‌ನಲ್ಲಿ, ಅಂದರೆ ಪಾದರಕ್ಷೆಯೊಳಗೆ ಹಾಸುವ ಅಟ್ಟೆಯಲ್ಲಿ, ಪಾದಕ್ಕೆ 99 ಕೆಪ್ಯಾಸಿಟಿವ್ (ವಿದ್ಯುದಾವೇಶದ ಬದಲಾವಣೆಯಿಂದ ಒತ್ತಡ ಅಳೆಯುವ) ಸೆನ್ಸರ್‌ಗಳಿವೆ. ನನ್ನದರಲ್ಲಿ ಎಂಟು: ಹಿಮ್ಮಡಿಗೆ ಎರಡು, ಪಾದದ ಹೊರ ಅಂಚಿಗೆ ಒಂದು, ಬೆರಳುಗಳ ಬುಡದ ಉಬ್ಬಿನ ಸಾಲಿಗೆ ಮೂರು, ಹೆಬ್ಬೆರಳಿಗೆ ಒಂದು, ಉಳಿದ ಬೆರಳುಗಳಿಗೆ ಒಂದು.

ಈ ಚಂಚಲತೆಗೆ ನಡಿಗೆಯೇ ಒಂದು ಮದ್ದನ್ನು ಕೊಟ್ಟಿತು. ಸಾಮಾನ್ಯ ನಡಿಗೆಯಲ್ಲಿ ಒಂದು ಕಾಲು ಸುಮಾರು ನೂರಕ್ಕೆ 60 ಭಾಗ ಸಮಯ ನೆಲದ ಮೇಲಿದ್ದು, ಉಳಿದ 40 ಭಾಗ ಗಾಳಿಯಲ್ಲಿರುತ್ತದೆ. ಕಾಲು ಗಾಳಿಯಲ್ಲಿದ್ದಾಗ ಒತ್ತಡ ಬಹುಪಾಲು ಸೊನ್ನೆ. ಆದ್ದರಿಂದ ಪ್ರತಿ ಹೆಜ್ಜೆಯಲ್ಲಿಯೂ ತಕ್ಕಡಿಯನ್ನು ಮತ್ತೆ ಸೊನ್ನೆಗೆ ತಂದುಕೊಳ್ಳುವ ಅವಕಾಶ ಸಿಗುತ್ತದೆ. ಆದರೆ ಅಮ್ಮ ಒಲೆಯ ಮುಂದೆ ಕದಲದೆ ನಿಂತಾಗ ಈ ಅವಕಾಶವೂ ಇರುವುದಿಲ್ಲ. ಇದರ ತೊಂದರೆ ನನಗೆ ಅರ್ಥವಾದದ್ದು ಬಹಳ ತಡವಾಗಿ.

ನಿಸ್ತಂತು ಭಾಗದ್ದೂ ಒಂದು ಕಥೆ. ಸೆಕೆಂಡಿಗೆ 50 ಬಾರಿ ಎಂಟು ಸೆನ್ಸರ್‌ಗಳನ್ನು ಓದಿ ಬ್ಲೂಟೂತ್‌ನಲ್ಲಿ ಕಳುಹಿಸುವುದು ಈಗಿನ ಚಿಪ್‌ಗಳಿಗೆ ಲೆಕ್ಕಕ್ಕೇ ಇಲ್ಲದ ಕೆಲಸ. ಆದರೆ ಬ್ಲೂಟೂತ್ ಕೆಲಸ ಮಾಡುವ 2.4 ಗಿಗಾಹರ್ಟ್ಸ್ ತರಂಗಗಳನ್ನು ನೀರು ತುಂಬಿದ ನಮ್ಮ ಮೈ ಚೆನ್ನಾಗಿ ಹೀರಿಕೊಳ್ಳುತ್ತದೆ. ಬಲ ಪಾದ ಕಳುಹಿಸಿದ್ದು ಎಡ ಜೇಬಿನಲ್ಲಿರುವ ಫೋನಿಗೆ ಮುಟ್ಟುವುದೇ ಕಷ್ಟ. ಅಲ್ಲದೆ ಈ ಉಪಕರಣಗಳನ್ನೆಲ್ಲ ರೂಪಿಸಿದವರು ಧರಿಸುವವರಿಗೆ ಜೇಬು ಇರುತ್ತದೆಂದೇ ನಂಬಿದಂತಿದೆ. ಸೀರೆಗೆ ಜೇಬಿಲ್ಲ. ಕೊನೆಗೆ ನನ್ನ ಹಳೆಯ ಫೋನೊಂದನ್ನು ಅಡುಗೆಮನೆಯ ಫ್ರಿಜ್ ಮೇಲೆ ಇಟ್ಟು, ಅದು ಕೇಳಿಸಿಕೊಂಡದ್ದನ್ನು ಬೆಂಗಳೂರಿನಲ್ಲಿರುವ ನನಗೆ ರವಾನಿಸುವಂತೆ ಮಾಡಿ, ಸಂಪರ್ಕ ತಪ್ಪಿದ ಹೊತ್ತಿನ ಲೆಕ್ಕವನ್ನು ಇನ್‌ಸೋಲ್ ತನ್ನಲ್ಲೇ ಉಳಿಸಿಕೊಂಡು ನಂತರ ಒಪ್ಪಿಸುವಂತೆ ಬರೆದೆ. ತಂತಿಗಳು ಮಾತ್ರ ಪ್ರತಿ ಬಾರಿಯೂ ಒಂದೇ ಕಡೆ, ಅಂದರೆ ಹೆಜ್ಜೆ ಎತ್ತುವಾಗ ಪಾದ ಮಡಿಯುವ ಬೆರಳ ಬುಡದ ಗೆರೆಯಲ್ಲಿಯೇ ತುಂಡಾಗುತ್ತಿದ್ದವು.

ಮೊದಲ ತಿಂಗಳ ಲೆಕ್ಕ ಕೈಗೆ ಬಂದಾಗ ನಕ್ಷೆ ನಿಚ್ಚಳವಾಗಿತ್ತು. ಬಲಗಾಲಿನ ಹೆಬ್ಬೆರಳ ಬುಡ, ಎಡಗಾಲಿನ ಅದೇ ಜಾಗಕ್ಕಿಂತ ಸುಮಾರು ಎರಡು ಪಟ್ಟು ಭಾರ ಹೊರುತ್ತಿತ್ತು. ಪಾದದ ವೈದ್ಯರಿಗೆ ಅದನ್ನು ತೋರಿಸಿದೆ. ಅವರು ನನ್ನ ಗ್ರಾಫಿನ ಕಡೆಗೆ ಸೌಜನ್ಯಕ್ಕಷ್ಟೇ ಒಮ್ಮೆ ನೋಡಿ, ಅಮ್ಮನ ಪಾದವನ್ನು ಕೈಗೆತ್ತಿಕೊಂಡು, ಹುಣ್ಣು ಮಾಗಿದ ಜಾಗದಲ್ಲಿ ಕಟ್ಟಿದ್ದ ಜಡ್ಡನ್ನು ತೆಳುವಾಗಿ ಹೆರೆದು ತೆಗೆದರು. ಜಡ್ಡು ಒತ್ತಡದಿಂದ ಹುಟ್ಟುತ್ತದೆ. ಹುಟ್ಟಿದ ಮೇಲೆ ಚಪ್ಪಲಿಯೊಳಗಿನ ಕಲ್ಲಿನಂತೆ ತಾನೇ ಒತ್ತಡವನ್ನು ಹೆಚ್ಚಿಸುತ್ತದೆ. ಅದನ್ನು ತೆಗೆದರೆ ಆ ಜಾಗದ ಗರಿಷ್ಠ ಒತ್ತಡ ಕಾಲುಭಾಗದಷ್ಟು ಇಳಿಯುತ್ತದೆಂದು 1990ರ ದಶಕದಲ್ಲಿಯೇ ಅಳೆದು ತೋರಿಸಿದ್ದಾರೆ. ಅಂದು ಸಂಜೆ ನನ್ನ ಫೋನಿನಲ್ಲಿಯೂ ಆ ಸೆನ್ಸರ್‌ನ ಗೆರೆ ಕೆಳಗಿಳಿಯಿತು. ಏಳನೆಯ ವಾರದ ಹೊತ್ತಿಗೆ ಮತ್ತೆ ಮೆಲ್ಲಗೆ ಏರತೊಡಗಿತು. ನಾನು ಮಾಡಿದ ಯಂತ್ರದ ಅತ್ಯಂತ ಪ್ರಯೋಜನಕಾರಿ ಗುಣ ಯಾವುದೆಂದು ಕೇಳಿದರೆ ಇದನ್ನೇ ಹೇಳುತ್ತೇನೆ: ಜಡ್ಡು ತೆಗೆಸುವ ದಿನ ಬಂತೆಂದು ಅದು ಸರಿಯಾಗಿ ಹೇಳುತ್ತದೆ.

ನಾನು ಹೆಮ್ಮೆಪಟ್ಟಿದ್ದು ಮಾತ್ರ ಎಚ್ಚರಿಕೆಯ ಭಾಗದ ಬಗ್ಗೆ. ಒಂದೇ ಜಾಗದ ಮೇಲೆ ಭಾರ ಹೆಚ್ಚು ಹೊತ್ತು ಕುಳಿತರೆ ಅಮ್ಮನ ಮಣಿಕಟ್ಟಿನ ಪಟ್ಟಿ ನಡುಗುತ್ತಿತ್ತು. ಒತ್ತಡ ಎಂದರೆ ಜೋರಾಗಿ ತುಳಿಯುವುದಷ್ಟೇ ಆಗಬೇಕಿಲ್ಲ. ಚರ್ಮದ ಸೂಕ್ಷ್ಮ ರಕ್ತನಾಳಗಳನ್ನು ಮುಚ್ಚಲು ಅದಕ್ಕಿಂತ ಎಷ್ಟೋ ಕಡಿಮೆ ಭಾರ ಸಾಕು, ಅದು ಬಿಡದೆ ಕುಳಿತಿರಬೇಕು ಅಷ್ಟೆ. ನಮಗೆ ನಿಮಗೆ ಹಾಗೆ ನಿಂತಾಗ ಕಾಲು ತಾನಾಗಿಯೇ ಚಡಪಡಿಸಿ ಭಾರವನ್ನು ಆ ಕಡೆಗೂ ಈ ಕಡೆಗೂ ಬದಲಿಸುತ್ತದೆ. ಜೋಮು ಹಿಡಿದ ಪಾದ ಚಡಪಡಿಸುವುದಿಲ್ಲ.

ಯುಗಾದಿಯ ದಿನ ಬೆಳಿಗ್ಗೆ ಎಂಟರಿಂದ ಸುಮಾರು ನಾಲ್ಕು ಗಂಟೆಗಳ ಕಾಲ ಅಮ್ಮನ ಭಾರ ಬಲಗಾಲಿನ ಮೇಲೆ ಹಾಗೇ ನಿಂತಿತ್ತು. ಪಟ್ಟಿಯಿಂದ ಎಚ್ಚರಿಕೆಯ ಮೇಲೆ ಎಚ್ಚರಿಕೆ ಹೋಗಿತ್ತು, ಗೆರೆ ಮಾತ್ರ ಕದಲಿರಲಿಲ್ಲ. ಮಧ್ಯಾಹ್ನ ಊರು ಮುಟ್ಟಿ ನೋಡಿದರೆ ಪಟ್ಟಿ ಮಿಕ್ಸಿಯ ಪಕ್ಕದ ಗೂಡಿನಲ್ಲಿ ಬಳೆಗಳ ಜೊತೆ ಕುಳಿತಿತ್ತು. "ಒಬ್ಬಟ್ಟು ತಟ್ಟುವಾಗ ಕೈ ಗುಂಯ್ ಅಂದರೆ ಹೇಗೋ ತಟ್ಟೋದು? ಹಬ್ಬ ಮುಗೀಲಿ ಬಿಡು, ಕಟ್ಕೋತೀನಿ" ಎಂದಳು.

ಆಗ ನನಗೆ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರ ಪ್ರಯೋಗ ನೆನಪಾಯಿತು. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಅವರು, 1946ರಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳನ್ನು ಸರಿಪಡಿಸುತ್ತಿದ್ದ ಶಸ್ತ್ರವೈದ್ಯರು. ರೋಗಿಗಳ ಬೆರಳುಗಳು ರೋಗದಿಂದ ತಾವಾಗಿಯೇ ಉದುರುವುದಿಲ್ಲ, ನೋವು ತಿಳಿಯದ ಕೈಕಾಲುಗಳಿಗೆ ದಿನವೂ ಆಗುವ ಗಾಯಗಳಿಂದ ಹಾಳಾಗುತ್ತವೆ ಎಂದು ತೋರಿಸಿಕೊಟ್ಟವರಲ್ಲಿ ಅವರು ಮುಖ್ಯರು. ಇಂದು ಸಕ್ಕರೆ ಕಾಯಿಲೆಯವರಿಗೆ ಬರೆದುಕೊಡುವ ಎಂ.ಸಿ.ಆರ್. (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯ ಮೆತ್ತನೆಯ ರಬ್ಬರ್ ಕೂಡ ವೆಲ್ಲೂರಿನ ಆ ಕೆಲಸದಿಂದಲೇ ಬೆಳೆದು ಬಂದದ್ದು. 1966ರಲ್ಲಿ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದ ಮೇಲೆ ಅವರು ಎಂಜಿನಿಯರ್‌ಗಳನ್ನು ಕೂಡಿಸಿಕೊಂಡು ಕೃತಕ ನೋವನ್ನೇ ತಯಾರಿಸಲು ಹೊರಟರು. ಕೈಗವಸು, ಕಾಲುಚೀಲಗಳಲ್ಲಿ ಒತ್ತಡದ ಸೆನ್ಸರ್‌ಗಳು; ಮಿತಿ ಮೀರಿದರೆ ಮೊದಲು ಕಿವಿಯಲ್ಲಿ ಸದ್ದು; ಅದನ್ನು ರೋಗಿಗಳು ಲಕ್ಷಿಸದೇ ಇದ್ದಾಗ, ಸ್ಪರ್ಶ ಉಳಿದಿದ್ದ ಕಂಕುಳಿಗೆ ವಿದ್ಯುತ್ ಆಘಾತ. ಆಘಾತ ತಿಂದೂ ಜನ ಬದಲಾಗಲಿಲ್ಲ. ಕೈಯಲ್ಲಿದ್ದ ಕೆಲಸ ಮುಗಿಸಬೇಕೆನಿಸಿದಾಗ ಸ್ವಿಚ್ ಆರಿಸಿ, ಕೆಲಸ ಮುಗಿಸಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ವರ್ಷಗಳ ಪ್ರಯತ್ನದ ನಂತರ ಬ್ರ್ಯಾಂಡ್ ಆ ಯೋಜನೆಯನ್ನು ಕೈಬಿಟ್ಟರು. ಆರಿಸಲು ಬರುವುದು ನೋವಾಗಲಾರದು ಎಂಬುದು ಅವರಿಗೆ ಮನದಟ್ಟಾಗಿತ್ತು. ಅರ್ಧ ಶತಮಾನದ ನಂತರ ನಾನು ತುಮಕೂರಿನ ಅಡುಗೆಮನೆಯಲ್ಲಿ ಅದೇ ಪ್ರಯೋಗವನ್ನು ಮಾಡಿ ಅದೇ ಫಲಿತಾಂಶವನ್ನು ಪಡೆದಿದ್ದೆ.

ಎಚ್ಚರಿಕೆಯಿಂದ ಪ್ರಯೋಜನವೇ ಇಲ್ಲ ಎನ್ನಲಾಗದು. 2019ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಸಂಶೋಧಕರು, ಹಿಂದೊಮ್ಮೆ ಅಂಗಾಲಿನಲ್ಲಿ ಹುಣ್ಣಾಗಿದ್ದ 58 ಜನರ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಎಲ್ಲರಿಗೂ ಒಂದೇ ಬಗೆಯ ಒತ್ತಡದ ಇನ್‌ಸೋಲ್ ಕೊಟ್ಟು, ಸುಮಾರು ಅರ್ಧ ಜನರಿಗೆ ಮಾತ್ರ ಕೈಗಡಿಯಾರದಲ್ಲಿ ಎಚ್ಚರಿಕೆ ಬರುವಂತೆ ಮಾಡಿ 18 ತಿಂಗಳು ನೋಡಿದರು. ಎಚ್ಚರಿಕೆ ಪಡೆದವರಲ್ಲಿ ಹುಣ್ಣು ಮರುಕಳಿಸುವ ಪ್ರಮಾಣ ನೂರಕ್ಕೆ 71ರಷ್ಟು ಕಡಿಮೆಯಿತ್ತು. ಚಿಕ್ಕ ಅಧ್ಯಯನ, ನಿಜ. ಆದರೂ ಅದರಲ್ಲಿ ನನ್ನ ಗಮನ ಸೆಳೆದ ಸಂಗತಿ ಬೇರೆ: ದಿನಕ್ಕೆ ನಾಲ್ಕೂವರೆ ಗಂಟೆಗಿಂತ ಹೆಚ್ಚು ಹೊತ್ತು ಧರಿಸಿದವರಲ್ಲಿ ಲಾಭ ಇನ್ನೂ ಹೆಚ್ಚಿತ್ತು. ಧರಿಸಿದರೆ ತಾನೆ ಮುಂದಿನ ಮಾತು.

ನಮ್ಮ ಮನೆಗಳಲ್ಲಿ ಧರಿಸುವುದೇ ಕಷ್ಟ. ಬೂಟಿನ ಇನ್‌ಸೋಲ್ ಅಮ್ಮನ ಮಾರುಕಟ್ಟೆಯ ದಾರಿಯನ್ನು ಅಳೆಯುತ್ತದೆ, ಹೊಸ್ತಿಲ ಹೊರಗೆ ನಿಂತುಬಿಡುತ್ತದೆ. ನೆದರ್ಲೆಂಡ್ಸ್‌ನ ಒಂದು ಅಧ್ಯಯನದಲ್ಲಿಯೂ ರೋಗಿಗಳು ವೈದ್ಯರು ಕೊಟ್ಟ ಪಾದರಕ್ಷೆಯನ್ನು ಮನೆಯೊಳಗೆ ಬಹಳ ಕಡಿಮೆ ಧರಿಸುತ್ತಾರೆಂದೂ, ಅವರ ಹೆಚ್ಚಿನ ಹೆಜ್ಜೆಗಳು ಬೀಳುವುದು ಮನೆಯೊಳಗೇ ಎಂದೂ ಕಂಡುಬಂದಿತ್ತು. ಅಲ್ಲಿಯೇ ಹಾಗಾದರೆ ಇಲ್ಲಿ ಕೇಳುವುದೇ ಬೇಡ. ಯುಗಾದಿಗೂ ಮುಂಚೆಯೇ, ಇನ್‌ಸೋಲ್‌ಗೆಂದು ತಂದ ಹೊಸ ಜೋಡಿ ಎಂ.ಸಿ.ಆರ್. ಚಪ್ಪಲಿಯನ್ನು ಅಂಗಡಿಯ ಡಬ್ಬಿಯಿಂದ ನೇರವಾಗಿ ನಡುಮನೆಯಲ್ಲೇ ಬಿಚ್ಚಿ, ಇದು ಬೀದಿಯನ್ನು ಕಂಡೇ ಇಲ್ಲ, ಇನ್ನು ಮುಂದೆಯೂ ಕಾಣುವುದಿಲ್ಲ ಎಂದು ಒಪ್ಪಿಸಿದ ಮೇಲೆ ಅಮ್ಮ ಅದನ್ನು ಅಡುಗೆಮನೆಯವರೆಗೆ ಬಿಟ್ಟುಕೊಂಡಳು. ದೇವರ ಮನೆಗೆ ಇಲ್ಲ. ನಾನೂ ಒತ್ತಾಯಿಸಲಿಲ್ಲ, ಅಲ್ಲಿ ಅವಳು ಕುಳಿತೇ ಇರುತ್ತಾಳೆ.

ಈ ನಡುವೆ ಪಕ್ಕದ ಮನೆಯವರು ತಮ್ಮ ಆರು ವರ್ಷದ ಮಗನ ಚಪ್ಪಟೆ ಪಾದವನ್ನು ಸರಿಪಡಿಸಲು ಇಂಥದ್ದೇ ಒಂದು ಜೋಡಿ ಮಾಡಿಕೊಡಿ ಎಂದು ಕೇಳಿದರು. ಪಾದದ ತಿದ್ದುಪಡಿಯನ್ನು ಫೋನಿನಲ್ಲಿ ದಿನದಿನಕ್ಕೂ ನೋಡಬಹುದೆಂಬ ಜಾಹೀರಾತನ್ನು ಅವರು ನೋಡಿದ್ದರು. ನಾನು ಒಪ್ಪಲಿಲ್ಲ. ಚಿಕ್ಕ ಮಕ್ಕಳ ಮೆತ್ತನೆಯ ಚಪ್ಪಟೆ ಪಾದ, ನೋವಿಲ್ಲದಿದ್ದರೆ, ಬಹುಪಾಲು ಬೆಳೆಯುತ್ತಾ ತಾನೇ ಕಮಾನು ಕಟ್ಟಿಕೊಳ್ಳುತ್ತದೆ. ಅಮೆರಿಕದಲ್ಲಿ 1989ರಲ್ಲಿ ಪ್ರಕಟವಾದ ಮೂರು ವರ್ಷಗಳ ಪರೀಕ್ಷೆಯಲ್ಲಿ ತಿದ್ದುವ ಬೂಟು, ಇನ್‌ಸೋಲ್ ಹಾಕಿದ ಮಕ್ಕಳಿಗೂ ಏನೂ ಹಾಕದ ಮಕ್ಕಳಿಗೂ ಕೊನೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ನಮ್ಮ ಮಣಿಪಾಲದ ವೈದ್ಯರಾದ ಉದಯ ರಾವ್ ಮತ್ತು ಬೆಂಜಮಿನ್ ಜೋಸೆಫ್ 1992ರಲ್ಲಿ ಪ್ರಕಟಿಸಿದ 2,300 ಮಕ್ಕಳ ಸಮೀಕ್ಷೆ ಇನ್ನೂ ಸ್ವಾರಸ್ಯಕರ: ಪಾದರಕ್ಷೆ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6 ಜನರಿಗೆ ಚಪ್ಪಟೆ ಪಾದವಿದ್ದರೆ, ಬರಿಗಾಲಿನ ಮಕ್ಕಳಲ್ಲಿ 2.8 ಜನರಿಗೆ ಮಾತ್ರ ಇತ್ತು. ಅಮೆರಿಕದ ಆ ಪರೀಕ್ಷೆಯಲ್ಲಿ ಸೆನ್ಸರ್ ಇದ್ದಿದ್ದರೆ ಮೂರು ವರ್ಷವೂ ದಿನಾಲೂ ಚೆಂದದ ಗ್ರಾಫ್ ಬರುತ್ತಿತ್ತು, ಕಮಾನು ಏರುವುದನ್ನು ನೋಡಿ ತಂದೆತಾಯಿ ಅದರ ಕೀರ್ತಿಯನ್ನು ಇನ್‌ಸೋಲ್‌ಗೆ ಕೊಡುತ್ತಿದ್ದರು. ಹುಡುಗನನ್ನು ಅಂಗಳದಲ್ಲಿ ಬರಿಗಾಲಲ್ಲಿ ಆಡಲು ಬಿಡಿ, ಕಾಲು ನೋವೆಂದರೆ ಮೂಳೆ ವೈದ್ಯರಿಗೆ ತೋರಿಸಿ ಎಂದೆ. ಅವರಿಗೆ ಸ್ವಲ್ಪ ಬೇಸರವಾದಂತೆ ಕಂಡಿತು.

ಎಂಜಿನಿಯರ್ ಆಗಿ ನನಗೆ ಹೊಟ್ಟೆಕಿಚ್ಚು ತರಿಸುವ ಕೆಲಸವೊಂದು ಬೆಂಗಳೂರಿನಲ್ಲಿಯೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಕೆ. ಅನಂತಸುರೇಶ್ ಅವರ ತಂಡ, ಕರ್ನಾಟಕ ಎಂಡೋಕ್ರಿನಾಲಜಿ ಮತ್ತು ಸಂಶೋಧನಾ ಸಂಸ್ಥೆಯ ಪಾದ ವಿಭಾಗದ ಜೊತೆ ಸೇರಿ ರೂಪಿಸಿದ ಚಪ್ಪಲಿಯಲ್ಲಿ ಬ್ಯಾಟರಿ, ಬ್ಲೂಟೂತ್, ಸೆನ್ಸರ್ ಯಾವುದೂ ಇಲ್ಲ. ಅಟ್ಟೆಯೊಳಗೆ 3ಡಿ ಮುದ್ರಣದಲ್ಲಿ ಮಾಡಿದ ಪುಟ್ಟ ಕಮಾನುಗಳಿವೆ. ನಿಗದಿತ ಮಿತಿಗಿಂತ ಹೆಚ್ಚು ಭಾರ ಬಿದ್ದ ಜಾಗದ ಕಮಾನು ಟಕ್ಕನೆ ತಗ್ಗಿ, ಆ ಭಾರವನ್ನು ಸುತ್ತಲಿನ ಜಾಗಕ್ಕೆ ಹಂಚಿ, ಕಾಲೆತ್ತಿದ ಕೂಡಲೇ ಮೊದಲಿನ ಆಕಾರಕ್ಕೆ ಮರಳುತ್ತದೆ. ಧರಿಸಿದವರು ಏನನ್ನೂ ಕೇಳಬೇಕಿಲ್ಲ, ಯಾವ ಮಾತಿಗೂ ಒಪ್ಪಬೇಕಿಲ್ಲ. ಅದನ್ನು ಓದಿದ ಸಂಜೆ ನಾನು ಅಮ್ಮನ ಮಣಿಕಟ್ಟಿನ ಪಟ್ಟಿಯನ್ನು ಡಬ್ಬಿಗೆ ಹಾಕಿಟ್ಟೆ.

ಈಗ ಇನ್‌ಸೋಲ್ ಅಮ್ಮನಿಗೆ ಏನನ್ನೂ ಹೇಳುವುದಿಲ್ಲ, ನನಗೆ ವಾರಕ್ಕೊಮ್ಮೆ ಲೆಕ್ಕ ಕಳುಹಿಸುತ್ತದೆ. ಗೆರೆ ಏರಿದ ವಾರ ನಾನು ಜಡ್ಡು ತೆಗೆಸಲು ಸಮಯ ಗೊತ್ತುಮಾಡುತ್ತೇನೆ. ಒಲೆಯ ಪಕ್ಕದಲ್ಲಿ ಎತ್ತರದ ಸ್ಟೂಲೊಂದು ಬಂದಿದೆ. ಚಪಾತಿ ಲಟ್ಟಿಸುವುದು, ತರಕಾರಿ ಹೆಚ್ಚುವುದು ಅದರ ಮೇಲೆಯೇ ನಡೆಯುತ್ತದೆ. ರಾತ್ರಿ ಮಲಗುವ ಮುನ್ನ ತಮ್ಮನ ಹೆಂಡತಿ ಕೈಗನ್ನಡಿ ಹಿಡಿದು ಅಂಗಾಲನ್ನು ತೋರಿಸುತ್ತಾಳೆ, ಅಮ್ಮ ಕನ್ನಡಕ ಹಾಕಿಕೊಂಡು ನೋಡುತ್ತಾಳೆ, ಬೆಳಿಗ್ಗೆ ಇಬ್ಬರಲ್ಲಿ ಯಾರಾದರೊಬ್ಬರು ಚಪ್ಪಲಿಯನ್ನು ಕೊಡವಿ ಒಳಗೆ ಕೈಯಾಡಿಸಿ ಹಾಕಿಕೊಡುತ್ತಾರೆ. ಹೋದ ವಾರ ಬಲ ಇನ್‌ಸೋಲ್‌ನ ಐದನೆಯ ಸೆನ್ಸರ್ ಮತ್ತೆ ಮೌನವಾಗಿದೆ. ತಂತಿ ಎಲ್ಲಿ ತುಂಡಾಗಿದೆಯೆಂದು ಬಿಚ್ಚಿ ನೋಡದೆಯೇ ನನಗೆ ಗೊತ್ತು. ಶನಿವಾರದ ರೈಲಿಗೆ ಬೆಸುಗೆಯ ಸಾಮಾನು ತೆಗೆದಿಟ್ಟುಕೊಂಡಿದ್ದೇನೆ.