ಹಳೇ ಕಾಲದ ಹೊಲಮನೆಯಲ್ಲಿ ಬಟ್ಟೆ ಒಗೆದದ್ದು

ಅಕ್ಟೋಬರ್ 11, 2024, ಶುಕ್ರವಾರ
ನೆಬ್ರಾಸ್ಕಾ

ಮಗಳ ಕ್ಲಾಸಿನವರನ್ನು ಇವತ್ತು ಹಳೇ ಕಾಲದ ಹೊಲಮನೆಯೊಂದಕ್ಕೆ ಕರೆದುಕೊಂಡು ಹೋಗಿದ್ದರು. ಜೊತೆಗೆ ದೊಡ್ಡವರು ಬೇಕು ಅಂದರು, ನಾನೂ ಬಸ್ ಹತ್ತಿದೆ. ಅಲ್ಲಿ ನೋಡುವುದಕ್ಕಿಂತ ಮಾಡುವುದೇ ಜಾಸ್ತಿ. ಗುಂಪಿಗೊಂದು ಕೆಲಸ. ಗಂಟೆ ಬಾರಿಸಿದರೆ ಎಲ್ಲರೂ ಮುಂದಿನ ಕೆಲಸಕ್ಕೆ ಓಡಬೇಕು.

ಅಮೆರಿಕದ ಈ ರಾಜ್ಯಕ್ಕೂ, ಸರ್ಕಾರಿ ಜಮೀನನ್ನು ಸಾಗುವಳಿ ಮಾಡುವವರಿಗೆ ಹಂಚಿದ ಹೋಮ್‌ಸ್ಟೆಡ್ ಕಾಯ್ದೆಗೂ ಹಳೇ ನಂಟು. ಅಧ್ಯಕ್ಷ ಲಿಂಕನ್ ಅದಕ್ಕೆ ಸಹಿ ಹಾಕಿದ್ದು 1862ರಲ್ಲಿ. ಅದು ಜಾರಿಗೆ ಬಂದ 1863ರ ಜನವರಿ 1ರಂದೇ ಅರ್ಜಿ ಹಾಕಿದವರಲ್ಲಿ ಡೇನಿಯಲ್ ಫ್ರೀಮನ್ ಒಬ್ಬ. ಬಿಯಾಟ್ರಿಸ್ ಊರಿನ ಹತ್ತಿರದ ಅವನ ಜಮೀನು ಈಗ ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಆಗ 160 ಎಕರೆ ನೆಲಕ್ಕೆ 18 ಡಾಲರ್ ಶುಲ್ಕ. ಐದು ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಉತ್ತು ಬಿತ್ತಿದರೆ ಜಮೀನು ಅವರದೇ ಆಗುತ್ತಿತ್ತು. ಆದರೆ ಅದೇನು ಖಾಲಿ ಬಿದ್ದಿದ್ದ ನೆಲವಲ್ಲವಲ್ಲ. ಓಟೋ, ಪಾನೀ, ಒಮಾಹಾ ಎಂಬ ಮೂಲನಿವಾಸಿ ಜನ ಅಲ್ಲಿ ಬಾಳಿದ್ದರು. ನಮಗೆಲ್ಲ ತೋರಿಸುತ್ತಿದ್ದ ಹೆಂಗಸು ಆ ವಿಷಯವನ್ನು ಒಂದೇ ಮಾತಿನಲ್ಲಿ ದಾಟಿಸಿಬಿಟ್ಟರು. ನನಗೆ ಅದು ಸಾಲದು ಅನ್ನಿಸಿತು.

ಮೊದಲು ಬೆಣ್ಣೆ. ಕೆನೆ ತುಂಬಿದ ಬಾಟಲಿಯನ್ನು ಮಕ್ಕಳು ಕೈ ಬದಲಿಸುತ್ತಾ ಅಲ್ಲಾಡಿಸಿದರು. ಕೆನೆ ತುಂಬಾ ತಣ್ಣಗಿದ್ದರೆ ಬೆಣ್ಣೆ ಬೇಗ ಕಟ್ಟುವುದಿಲ್ಲ. ಕಡಗೋಲು ಹಿಡಿದ ಯಾರಿಗಾದರೂ ಇದು ಗೊತ್ತು. ಇನ್ನೇನು ಬಂತು ಅನ್ನುವಾಗ ಗಂಟೆ ಬಾರಿಸಿತು. "ಅಮ್ಮಾ, ಕಡೆದಿದ್ದು ನಾವು, ತಿನ್ನೋದು ಅವರಾ?" ಅಂತ ಮಗಳು ಮುಖ ಊದಿಸಿದಳು.

ಮೆಕ್ಕೆಜೋಳದ ಕಾಳು ಬಿಡಿಸುವ ಯಂತ್ರ, ಹಗ್ಗ ಹೊಸೆಯುವುದು, ಮೇಣದ ಬತ್ತಿ, ಎಲ್ಲ ಸರಸರ ಮುಗಿದವು. ಬತ್ತಿ ಅದ್ದುವುದಕ್ಕೆ ಸಾಲು ನಿಂತದ್ದೇ ಜಾಸ್ತಿ.

ಬಟ್ಟೆ ಒಗೆಯುವ ಕಡೆ ಮಾತ್ರ ಕಥೆ ಬೇರೆ. ಮೊದಲು ಕೈಪಂಪು ಒತ್ತಿ ನೀರು ತುಂಬಿಸಬೇಕು. ಬಕೆಟ್ ಹೊತ್ತು ತರಬೇಕು. ಹಂದಿ ಕೊಬ್ಬಿಗೆ ಬೂದಿಯ ಕ್ಷಾರ ಸೇರಿಸಿ ಮಾಡಿದ ಸೋಪು ಹಚ್ಚಿ, ಗೆರೆಗೆರೆಯ ತಗಡಿನ ಹಲಗೆಗೆ ಬಟ್ಟೆ ಉಜ್ಜಬೇಕು. ಆಮೇಲೆ ಎರಡು ಉರುಳೆಗಳ ನಡುವೆ ತೂರಿಸಿ ಹಿಂಡಬೇಕು. ಆಗಿನ ಕಾಲದಲ್ಲಿ ಒಗೆಯಲು, ಕುದಿಸಲು, ಜಾಲಿಸಲು ಎಲ್ಲ ಸೇರಿ ಒಂದು ಸಲಕ್ಕೆ ಸುಮಾರು 50 ಗ್ಯಾಲನ್ ನೀರು ಬೇಕಿತ್ತಂತೆ. ಅಂದರೆ ಹೆಚ್ಚುಕಮ್ಮಿ 190 ಲೀಟರ್. ಅಷ್ಟನ್ನೂ ಹೊತ್ತೇ ತರಬೇಕು. ನಮ್ಮ ಗುಂಪು ಎರಡು ಕರವಸ್ತ್ರ ಒಗೆಯುವಷ್ಟರಲ್ಲೇ ಸುಸ್ತು.

"ದಿನಾ ಹೀಗೇನಾ?" ಅಂತ ಒಬ್ಬ ಹುಡುಗ ಕೇಳಿದ.

"ಇಲ್ಲಪ್ಪ, ಸೋಮವಾರ ಮಾತ್ರ. ಮಂಗಳವಾರ ಇಸ್ತ್ರಿ" ಅಂದರು ಎಲ್ಲ ತೋರಿಸುತ್ತಿದ್ದ ಆ ಹೆಂಗಸು. ಒಲೆಯ ಮೇಲೆ ಕಾಯಿಸುವ ಕಬ್ಬಿಣದ ಇಸ್ತ್ರಿಪೆಟ್ಟಿಗೆ ಎತ್ತಲು ಹೋಗಿ ಅವನು ಸುಮ್ನೆ ಕೆಳಗಿಟ್ಟ.

ವಾಪಸು ಬರುವಾಗ ಟೀಚರಿಗೆ ಹೇಳಿದೆ, ಮುಂದಿನ ವರ್ಷ ಎರಡೇ ಕೆಲಸ ಸಾಕು. ಬೆಣ್ಣೆ ಪೂರ್ತಿ ಬರಲಿ, ಬಟ್ಟೆ ಪೂರ್ತಿ ಒಣಗಲಿ. ಗಂಟೆ ಹೊಡೆದು ಓಡಿಸಿದರೆ ಹಳೇ ಕಾಲ ಬರೀ ಆಟವಾಗಿಬಿಡುತ್ತದೆ, ಅಲ್ವಾ? ಅವರು ನಕ್ಕರು. "ಮಕ್ಕಳ ಶೂ ಒದ್ದೆಯಾಯಿತು ಅಂತ ಈಗಲೇ ಇಬ್ಬರು ತಾಯಂದಿರು ಮೆಸೇಜ್ ಕಳಿಸಿದ್ದಾರೆ" ಅಂದರು.